ಪಪ್ಪ ಹೇಳಿದ ಸುಳ್ಳು

ಜನವರಿ 12, 2025, ಭಾನುವಾರ

ಆರಾಧನೆ ಮುಗಿಸಿ ಮನೆ ತಲುಪುವಾಗ ಎರಡು ಗಂಟೆ. ಅನ್ನ ಇಟ್ಟೆ, ಮೀನು ಹುರಿದೆ. ಇಲ್ಲಿ ಗಲ್ಫಿನಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟಕ್ಕೆ ನಲವತ್ತು ವರ್ಷ, ಪುಸ್ತಕ ತರುತ್ತಾರಂತೆ. ಕೂಟ ಶುರು ಮಾಡಿದ ಪಪ್ಪನ ಜೀವನಚರಿತ್ರೆ ನಾನೇ ಬರೆಯಬೇಕಂತೆ— ಅಧ್ಯಕ್ಷರು, ಎಲ್ರಾಯ್ ಅಂಕಲ್, ಹೇಳಿದ್ದು. ನಾಲ್ಕು ಪುಟ. ಪಪ್ಪ ತೀರಿಕೊಂಡು ಮೂರು ವರ್ಷ. ಒಪ್ಪಿಕೊಂಡೆ. ಬೈಬಲ್ ಡಿಪ್ಲೊಮಾದ ಅಸೈನ್‌ಮೆಂಟ್ ಬೇರೆ ಬಾಕಿ. ಅದೂ ಇಂಥದ್ದೇ: ಯೇಸುವಿನ ಚರಿತ್ರೆಯನ್ನು ಮೊದಲು ಬರೆದವರು ಯಾಕೆ ಬರೆದರು?

ಜ. 15, ಬುಧವಾರ, ಲಂಚ್ ಬ್ರೇಕ್

ಓದಿದ್ದು: ಕೆಲವು ದಶಕ ಬರೀ ಬಾಯಿಂದ ಬಾಯಿಗೆ. ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹೋಗತೊಡಗಿದಾಗ ಬರೆದಿಟ್ಟರು. ಯೇಸು ನೋಡಲು ಹೇಗಿದ್ದ ಎಂದು ಒಂದು ಸಾಲೂ ಇಲ್ಲ. ಓದಿದವರು ಹೇಗೆ ಬದುಕಬೇಕು ಎಂಬುದೇ ಅವರ ಚಿಂತೆ.

ನಾನೋ, ತಾರೀಖುಗಳಿಗಾಗಿ ಪಪ್ಪನ ಹಳೇ ಪಾಸ್‌ಪೋರ್ಟ್ ಹುಡುಕುತ್ತ ಕೂತಿದ್ದೇನೆ! ಕಂಡವರನ್ನು ಕೇಳಬೇಕು. ಪಪ್ಪನ ರೂಮ್‌ಮೇಟ್ ಶೀನಪ್ಪಣ್ಣ ಇನ್ನೂ ಇಲ್ಲೇ ಅಲ್ ಕೂಜ್‌ನಲ್ಲಿದ್ದಾರೆ. ವೀಸಾ ಕ್ಯಾನ್ಸಲ್ ಆಗಿದೆ, ಮಂಗಳವಾರ ಊರಿಗೆ. ಆಮೇಲೆ ಖಲಾಸ್. ಶನಿವಾರವೇ ಹೋಗುವುದು.

ಜ. 18, ಶನಿವಾರ

ಶೀನಪ್ಪಣ್ಣ ಬಡಗಿ. ವರ್ಕ್‌ಶಾಪಿನ ಹಿಂದೆ ಬ್ಯಾಗ್ ಕಟ್ಟುತ್ತಿದ್ದರು.

"ಎಂಬತ್ತೆಂಟರಲ್ಲಿ ನನ್ನ ಕಂಪನಿ ಮುಚ್ಚಿತು. ವೀಸಾ ಇಲ್ಲ. ನಿನ್ನ ಅಪ್ಪನೇ ರೂಮಲ್ಲಿ ಇಟ್ಕೊಂಡದ್ದು, ಆರು ತಿಂಗಳು. ಒಂದು ದಿನ ಪೊಲೀಸ್ರು ಚೆಕಿಂಗಿಗೆ ಬಂದ್ರು. 'ಇವ ಯಾರು?' ಕೇಳಿದ್ರು. 'ಗೊತ್ತಿಲ್ಲ' ಹೇಳಿದ ನಿನ್ನ ಅಪ್ಪ. ನಾನು ಎದುರೇ ನಿಂತಿದ್ದೆ ಮಾರಾಯ್ತಿ, ಅವನದ್ದೇ ಅಂಗಿ ಹಾಕ್ಕೊಂಡು. ನನ್ನನ್ನು ಹಿಡಿದು ಊರಿಗೆ ಕಳಿಸಿದ್ರು."

ನಾಚಿಕೆ, ಪಪ್ಪನ ಮೇಲೆ ಸಿಟ್ಟು, ಎರಡೂ.

"ಇದನ್ನು ಬರೀಬಾರ್ದಲ್ಲಾ?"

"ಬರಿ ಮಗಾ. ನಾನು ಹೊಸ ವೀಸಾದಲ್ಲಿ ತಿರುಗಿ ಬಂದಾಗ ಕೂಟಕ್ಕೆ ಕರ್ಕೊಂಡು ಹೋಗಿ ಎಲ್ಲರ ಎದುರು ಅವನೇ ಹೇಳಿದ. ಅತ್ತ. ನಾನು ನಿಮ್ಮ ಪ್ರಾರ್ಥನೆಯವನಲ್ಲ. ಆದ್ರೂ ಮತ್ತೆ ಅವನ ಸ್ನೇಹ ಬಿಡ್ಲಿಲ್ಲ."

ಜ. 19, ಭಾನುವಾರ

ಯೇಸುವನ್ನು ಹಿಡಿದಾಗ ಶಿಷ್ಯ ಪೇತ್ರನೂ ಅವನನ್ನು ಗೊತ್ತಿಲ್ಲ ಎಂದ. ಅದನ್ನು ಪೇತ್ರನೇ ಹೇಳಿಕೊಂಡಿರಬೇಕು. ಇಲ್ಲದಿದ್ದರೆ ಸಭೆಯ ಹಿರಿಯನ ಮಾನ ಹೋಗುವ ಮಾತು ಬರೆಯುವ ಧೈರ್ಯ ಯಾರಿಗಿತ್ತು? ಬರೆದವರು ಅದನ್ನು ಬಿಟ್ಟುಬಿಡಲಿಲ್ಲ. ಹೆದರಿ ಬಿದ್ದವನು ಏಳಬಹುದು ಎಂದು ಓದುವವರಿಗೆ ತಿಳಿಯಲಿ ಅಂತಲೇ ಇರಬೇಕು.

ಮೂರನೇ ಪುಟ ಬರೆದೆ. ಮಗಳು ಅಲಿಶಾಗೆ ಓದಿ ಹೇಳಿದೆ.

"ಗ್ರ್ಯಾಂಡ್‌ಪಾ ವಾಸ್ ಸ್ಕೇರ್ಡ್?"

"ಹೌದು."

"ಬಟ್ ಹೀ ಟೋಲ್ಡ್ ಎವ್ರಿವನ್." ಅಷ್ಟು ಹೇಳಿ ಹೋಂವರ್ಕಿಗೆ ಕೂತಳು.

ಜ. 24, ಶುಕ್ರವಾರ

ನಾಲ್ಕೂ ಪುಟ ಕಳಿಸಿದ್ದೆ. ಎಲ್ರಾಯ್ ಅಂಕಲ್ ಫೋನ್. "ಮೂರನೇ ಪುಟ ಎಂತಕ್ಕೆ ಮಗಾ? ತೆಗಿ. ಪಪ್ಪನ ಹೆಸರು ಹಾಳು."

"ನೀವೂ ಆಗ ಅದೇ ರೂಮಲ್ಲಿ ಇದ್ದದ್ದು ಅಂತ ಪಪ್ಪ ಹೇಳ್ತಿದ್ರಲ್ವಾ ಅಂಕಲ್?"

"ನಂಗೆ ಅದೆಲ್ಲ ಗೊತ್ತಿಲ್ಲ."

"ತೆಗೆಯುವುದಾದ್ರೆ ನಾಲ್ಕೂ ಪುಟ ತೆಗೀರಿ. ನಾಡಿದ್ದು ಕೂಟದಲ್ಲಿ ನಾನೇ ಓದ್ತೇನೆ."

ಫೋನ್ ಇಟ್ಟೆ. ಓದುವುದು ಓದುವುದೇ.

ಜ. 26, ಭಾನುವಾರ, ಸಂಜೆ 5

ಓದಿದೆ. ಎಲ್ರಾಯ್ ಅಂಕಲ್ ಎದ್ದರು, ಹೊರಗೆ ಹೋಗುತ್ತಾರೆ ಅಂದುಕೊಂಡೆ. ಕುರ್ಚಿ ಹಿಡಿದುಕೊಂಡು ನಿಂತೇ ಇದ್ದರು.

"ಮೊದಲು ಕೇಳಿದ್ದು ನನ್ನನ್ನು," ಎಂದರು. "ನಾನು ಗೊತ್ತಿಲ್ಲ ಹೇಳಿದೆ. ಆಮೇಲೆ ಅವ. ಅವ ಹೇಳಿಕೊಂಡ. ನಾನು ಇವತ್ತಿನವರೆಗೆ... ಅದನ್ನೂ ಬರಿ ಮಗಾ."

ಬರೆಯುತ್ತಿದ್ದೇನೆ. ಆ ದಿನ ರೂಮಿನಲ್ಲಿ ಮೊದಲು ಕೇಳಿದ್ದು ಎಲ್ರಾಯ್ ಅವರನ್ನು. ಅವರು—