ಲೋಕಪ್ಪನ ಪುಡಿಂಗ್ ಕಡ್ಡಿ

ವಾಸ್ಕೋ
೧೪ ಮೇ ೨೦೨೪, ಮಂಗಳವಾರ

ಭಾವನಾನ ಅವ್ವನಿಗೆ,

ನೀವೆಲ್ಲ ಆರಾಮ ಇದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಕೂಸಿಗೆ ಎಣ್ಣೆ ತಿಕ್ಕಿ ಉಳಿದದ್ದನ್ನಾದರೂ ಅದಕ್ಕೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ಭಾವನಾನ ಬೆನ್ನುನೋವು ಇಳಿಯಿತೇ? ಅಳಿಯ ಶಶಿಧರನಿಗೆ ಧಾರವಾಡದಲ್ಲಿ ನೀರು ಹಿಡಿಯುವ ಕೆಲಸ ಇನ್ನೂ ತಪ್ಪಿಲ್ಲವೆಂದು ಕೇಳಿದೆ, ಪಾಪ. ಮೊಮ್ಮಗಳಿಗೆ ನನ್ನ ಮೂಗು ಬಂದಿದೆ ಎಂದು ನೀನು ಹೇಳುತ್ತೀ, ಇಲ್ಲವೆಂದು ಭಾವನಾ ಹೇಳುತ್ತಾಳೆ. ಈ ಒಂದು ವಿಷಯದಲ್ಲಿ ನಾನು ನಿನ್ನ ಕಡೆ.

ಫೋನ್ ಇರುವಾಗ ಪತ್ರ ಯಾಕೆ ಎನ್ನಬೇಡ. ನಿನ್ನ ಫೋನು ಈಗ ಕೂಸಿಗೆ ಜೋಗುಳ ಹಾಕುವ ಪೆಟ್ಟಿಗೆಯಾಗಿದೆ. ನಾನು ಮಾಡಿದಾಗಲೆಲ್ಲ ಭಾವನಾ ಎತ್ತಿ, "ಅಪ್ಪಾ, ಸಣ್ಣಗ ಮಾತಾಡ್ರಿ, ಕೂಸು ಈಗ ಮಲಗೇತಿ" ಎನ್ನುತ್ತಾಳೆ. ನನಗೆ ನಿನ್ನ ಜೊತೆ ಜಗಳ ಮಾಡುವುದಿದೆ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಸಣ್ಣ ದನಿಯಲ್ಲಿ ಜಗಳ ಮಾಡಿ ನನಗೆ ರೂಢಿಯಿಲ್ಲ. ಅದಕ್ಕೇ ಅಂಗಡಿಯ ಬಿಲ್ ಬುಕ್ಕಿನ ಹಿಂದಿನ ಹಾಳೆ ಹರಿದು ಬರೆಯುತ್ತಿದ್ದೇನೆ. ಓದುವಾಗ ಕೂಸು ಏಳುವುದಿಲ್ಲ.

ಜಗಳ ಮೇಲ್ಮನೆಯ ಲೋಕಪ್ಪನದು. ಹೌದು, ಅದೇ ಲೋಕಪ್ಪ. ಬಂದರಿನಲ್ಲಿ ಕ್ಲಾರ್ಕ್ ಆಗಿ ನಿವೃತ್ತನಾದವ, ಹೆಂಡತಿ ತೀರಿಕೊಂಡ ಮೇಲೆ ಯೂಟ್ಯೂಬ್ ನೋಡಿ ಅಡಿಗೆ ಕಲಿತವ, ಅರವತ್ನಾಲ್ಕಕ್ಕೂ ತಲೆತುಂಬ ಕೂದಲು ಇಟ್ಟುಕೊಂಡವ. ನೀನು ಧಾರವಾಡದ ಬಸ್ಸು ಹತ್ತಿದ ಮೂರನೆಯ ದಿನವೇ ನಮ್ಮ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ತಾಟು, ತಾಟಿನಲ್ಲಿ ಐಸ್‌ಕ್ಯಾಂಡಿಯ ಹಾಗೆ ಕಡ್ಡಿ ಚುಚ್ಚಿದ ಕಂದು ಬಣ್ಣದ ಎರಡು ಗಡ್ಡೆ. "ಪುಡಿಂಗ್ ಕಡ್ಡಿರಿ. ಒಂದ ಹರಳು ಸಕ್ರಿ ಇಲ್ಲ. ನಮ್ಮಂಥ ಸಕ್ರಿ ಬ್ಯಾನಿಯವರಿಗೆ ಮಾಡೇನಿ, ತಿನ್ರಿ" ಎಂದ. ತಿಂದೆ. ಚಲೋ ಇತ್ತು. ಅದೇ ನನ್ನ ದುರ್ದೈವ. ಕೆಟ್ಟದಾಗಿದ್ದರೆ ಅವತ್ತೇ ಮಾತು ಮುಗಿಯುತ್ತಿತ್ತು, ಈ ಪತ್ರದ ಕೆಲಸವೂ ಇರುತ್ತಿರಲಿಲ್ಲ.

ಆಮೇಲೆ ದಿನ ಬಿಟ್ಟು ದಿನ ತಾಟು ಇಳಿದು ಬರತೊಡಗಿತು. ಒಂದು ದಿನ ಕೋಕೋ, ಒಂದು ದಿನ ಏಲಕ್ಕಿ, ಒಂದು ದಿನ ಬಾದಾಮಿ. ಅದನ್ನಾದರೂ ಸಹಿಸುತ್ತಿದ್ದೆ. ಆದರೆ ಯುಗಾದಿಯ ದಿನ ನಾನು ಫೋನ್ ಮಾಡಿದಾಗ ನೀನು ಬೇವು ಬೆಲ್ಲ ತಿಂದಿರೋ ಎಂದು ಕೇಳಲಿಲ್ಲ. "ಲೋಕಪ್ಪಾರು ಫೋಟೋ ಕಳಿಸ್ಯಾರ. ಇವತ್ತ ಬಾದಾಮಿ ಹಾಕ್ಯಾರಂತಲ್ರಿ. ಅವರ ಕೈ ಭಾಳ ಚಲೋ ಐತಿ. ನೀವು ತಿಂದ್ರೇನು?" ಎಂದೆ. ಅವನು ನಿನಗೆ ಫೋಟೋ ಕಳಿಸುತ್ತಾನೆ! ಹಬ್ಬದ ದಿನ ನನ್ನ ಹೊಸ ಅಂಗಿಯ ಫೋಟೋ ನಿನಗೆ ಬೇಡ, ಲೋಕಪ್ಪನ ಕಡ್ಡಿಯ ಫೋಟೋ ಬೇಕು. ಮುಚ್ಚಿಡುವುದು ಯಾಕೆ, ನನಗೆ ಹೊಟ್ಟೆಕಿಚ್ಚಾಯಿತು. ಈ ವಯಸ್ಸಿನಲ್ಲಿ ನಾಚಿಕೆಯಾಗಬೇಕು, ಆಗಲಿಲ್ಲ.

ಇನ್ನೊಂದು ಮಾತು. ಅವನು ನಿನ್ನನ್ನು "ಮುರುಗೆವ್ವಾರ" ಎನ್ನುತ್ತಾನೆ. "ಮುರುಗೆವ್ವಾರು ಹ್ಯಾಂಗದಾರ್ರಿ, ಮುರುಗೆವ್ವಾರು ಯಾವಾಗ ಬರ್ತಾರ್ರಿ" ಎಂದು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಕೇಳುತ್ತಾನೆ. ನಮ್ಮ ಮನೆಯಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ನಾನು ನೋಡಿಯೇ ಇಲ್ಲ. ನಮ್ಮಪ್ಪ ಅವ್ವನನ್ನು "ಏ ಇಕಿ" ಎಂದೇ ಕರೆದು ಕಾಲ ಕಳೆದ. ನಾನು ಭಾವನಾ ಹುಟ್ಟುವವರೆಗೆ "ಕೇಳಿಲ್ಲಿ" ಎಂದೆ, ಅವಳು ಹುಟ್ಟಿದ ಮೇಲೆ "ಭಾವನಾನ ಅವ್ವ" ಎಂದೆ. ನಾನು ಒಮ್ಮೆಯೂ ಬಾಯಿತುಂಬ ಕರೆಯದ ಹೆಸರನ್ನು ಅವನು ದಿನಕ್ಕೆ ನಾಲ್ಕು ಸಲ ಕರೆಯುತ್ತಾನೆ.

ಸರಿ, ನಾನೂ ಮಾಡಿ ತೋರಿಸುತ್ತೇನೆ ಎಂದುಕೊಂಡೆ. ಸೀರೆ ಮಾರುವವನಿಗೆ ಹಾಲು ಕಾಯಿಸಲು ಬಾರದೇ? ಲೋಕಪ್ಪನನ್ನು ಮಾತಿಗೆ ಎಳೆದು ಎಲ್ಲ ಕೇಳಿಕೊಂಡೆ, ನನಗೆ ಬೇಕೆಂದು ಮಾತ್ರ ಹೇಳಲಿಲ್ಲ. ಅರ್ಧ ಲೀಟರ್ ಹಾಲು. ಅದರಲ್ಲಿ ಸ್ವಲ್ಪ ತಣ್ಣಗಿನದನ್ನು ಬದಿಗಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್, ಎರಡು ಚಮಚ ಕೋಕೋ ಅದರಲ್ಲಿ ಕಲಸಬೇಕು. ಉಳಿದ ಹಾಲು ಕುದಿ ಬಂದಾಗ ಇದನ್ನು ಹೊಯ್ದು, ಚಮಚಕ್ಕೆ ಅಂಟುವಷ್ಟು ಗಟ್ಟಿಯಾಗುವವರೆಗೆ ಕೈಬಿಡದೆ ತಿರುವಬೇಕು. ಆರಿದ ಮೇಲೆ ಸಕ್ಕರೆಯ ಬದಲು ಹಾಕುವ ಆ ಔಷಧಿ ಅಂಗಡಿಯ ಪುಡಿ, ಆಮೇಲೆ ಅಚ್ಚಿಗೆ ತುಂಬಿ ಕಡ್ಡಿ ಚುಚ್ಚಿ ಫ್ರೀಜರಿನಲ್ಲಿ ಏಳೆಂಟು ತಾಸು. ಕೇಳಲು ಇಷ್ಟೇ.

ಮೊದಲ ಸಲ ಕಾರ್ನ್‌ಫ್ಲೋರನ್ನು ನೇರ ಕುದಿಯುವ ಹಾಲಿಗೇ ಸುರಿದೆ. ಉಂಡೆ ಉಂಡೆಯಾಯಿತು, ತಳ ಹಿಡಿಯಿತು. ನಿನ್ನ ದಪ್ಪ ತಳದ ಪಾತ್ರೆಯನ್ನು ಎರಡು ದಿನ ನೆನೆಹಾಕಿ ತಿಕ್ಕಿದ್ದೇನೆ, ಸ್ವಲ್ಪ ಕಪ್ಪು ಉಳಿದಿದೆ, ಬಂದಾಗ ಮೊದಲು ಅದನ್ನೇ ಎತ್ತಬೇಡ. ಎರಡನೆಯ ಸಲ ಹದ ಸರಿಬಂತು, ಆದರೆ ಅಚ್ಚು ಇರಲಿಲ್ಲ. ನಿನ್ನ ತವರಿನ ಸ್ಟೀಲ್ ಗ್ಲಾಸಿಗೆ ಹಾಕಿ ನಡುವೆ ಚಮಚ ನಿಲ್ಲಿಸಿದೆ. ಮರುದಿನ ಎಳೆದರೆ ಬರಲೊಲ್ಲದು. ಸಿಟ್ಟಿನಿಂದ ಗ್ಲಾಸನ್ನು ಕಟ್ಟೆಗೆ ಕುಟ್ಟಿದೆ, ನೆಗ್ಗಿತು. ನಿಮ್ಮಪ್ಪ ಮದುವೆಯಲ್ಲಿ ಕೊಟ್ಟ, ನಿನ್ನ ಹೆಸರು ಕೊರೆಸಿದ ಗ್ಲಾಸು ಅದು. ಬಿಸಿನೀರಿನಲ್ಲಿ ಅದ್ದಿ ಹಿಡಿದಿದ್ದಾಗ ಬೆರಳಿಗೆ ನಿನ್ನ ಹೆಸರು ಹತ್ತಿತು. ನೀನು ಬಯ್ಯುವುದಿದ್ದರೆ ಬಯ್ಯಿ, ಕೇಳಿಸಿಕೊಳ್ಳುತ್ತೇನೆ.

ತಿಂದು ನೋಡಿದರೆ ಔಷಧಿ ಅಂಗಡಿಯ ಪುಡಿ ನಾಲಿಗೆಗೆ ಕಹಿ. ಲೋಕಪ್ಪನದು ಹೀಗಿರುವುದಿಲ್ಲ, ಅವನು ಅಳತೆ ಬಲ್ಲ. ನಾನು ನಾಲ್ಕು ಚಮಚ ಹಾಕಿದ್ದೆ. ಆಗ ಮಾರ್ಕೆಟ್ಟಿನ ಜೈತುನಬಿ ನೆನಪಾದಳು. ನಮ್ಮ ವಿಜಯಪುರದ ಕಡೆಯವಳು, ತೆಂಗಿನಕಾಯಿ, ಹುಣಸೆಹಣ್ಣು ಇಟ್ಟುಕೊಂಡು ಮೀನಿನ ಸಾಲಿನ ಹೊರಗೆ ಕೂಡುತ್ತಾಳೆ. ಅವಳ ಬುಟ್ಟಿಯಲ್ಲಿ ಇಲ್ಲಿಯ ಕರಿಬೆಲ್ಲ ಇತ್ತು, ತೆಂಗಿನ ಮರದ ರಸ ಕಾಯಿಸಿ ಮಾಡುತ್ತಾರಲ್ಲ, ಅದು. "ಇದು ಕಬ್ಬಿಂದಲ್ರಿ ಅಣ್ಣಾರ, ಗಿಡದ್ದು. ಸಕ್ರಿ ಬ್ಯಾನಿಯವರಿಗೂ ನಡೀತೈತಿ. ನಮ್ಮ ಮನಿಯಾಗ ಎಲ್ಲಾರೂ ತಿಂತೇವಿ" ಎಂದಳು. ನನಗೂ ಖರೆ ಅನಿಸಿತು. ನಮ್ಮಲ್ಲಿ ಚಹಾಕ್ಕೆ ಸಕ್ಕರೆ ಬೇಡವೆಂದವರು ಬೆಲ್ಲ ಹಾಕಿಸಿಕೊಂಡು ಪಥ್ಯ ಎನ್ನುವುದಿಲ್ಲವೇ? ಕಬ್ಬಿನ ಬೆಲ್ಲವೇ ನಡೆಯುವಾಗ ಮರದ ಬೆಲ್ಲಕ್ಕೆ ಏನು ಅಡ್ಡಿ ಎಂದು ಒಂದು ಬೆಲ್ಲದಚ್ಚು ಪೂರ್ತಿ ಕುಟ್ಟಿ ಹಾಕಿದೆ. ಕಡ್ಡಿ ಮಾಡುವ ಅಚ್ಚನ್ನೂ ಈ ಸಲ ಮಾರ್ಕೆಟ್ಟಿನಿಂದ ತಂದಿದ್ದೆ.

ಭಾವನಾನ ಅವ್ವ, ಏನು ಹೇಳಲಿ! ಅಂಥ ಕಡ್ಡಿ ವಾಸ್ಕೋದಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ಈ ಸಲ ತಾಟು ಮೇಲಕ್ಕೆ ಹೋಯಿತು, ಹೊತ್ತವನು ನಾನು. ಲೋಕಪ್ಪ ಒಂದು ಚೀಪಿ ಕಣ್ಣು ಮುಚ್ಚಿದ. "ಗುರುಪಾದಪ್ಪಾರ, ನನಕಿಂತ ಚಲೋ ಆಗ್ಯಾವಲ್ರಿ! ಸಕ್ರಿ ಇಲ್ಲ ಹೌದಲ್ರಿ?" ಎಂದು ಕೇಳಿದ. "ಒಂದ ಹರಳು ಇಲ್ಲ" ಎಂದೆ. ಸುಳ್ಳಲ್ಲ, ಸಕ್ಕರೆ ಇರಲಿಲ್ಲ. ಏನು ಹಾಕಿದ್ದೇನೆ ಎಂದು ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಗುಟ್ಟು ಹೇಳಿದರೆ ಅವನೂ ಮಾಡಿ ನಿನಗೆ ಫೋಟೋ ಕಳಿಸಿದರೆ? ಐದು ದಿನ ಅವನಿಗೆ ಎರಡು ಹೊತ್ತೂ ತಿನ್ನಿಸಿದೆ. ಅವನು ಹೊಗಳಿದಷ್ಟೂ ನಾನು ಹೆಚ್ಚು ಕೊಟ್ಟೆ, ನಾನೂ ತಿಂದೆ.

ಆರನೆಯ ದಿನ ಬೆಳಿಗ್ಗೆ ನಾನು ಅಂಗಡಿಗೆ ಇಳಿಯುವಾಗ ಲೋಕಪ್ಪ ಮೆಟ್ಟಿಲ ಮೇಲೆ ಗೋಡೆ ಹಿಡಿದು ಕೂತಿದ್ದ. ತಲೆ ತಿರುಗುತ್ತದೆ, ಕಣ್ಣು ಮಂಜು ಎಂದ. ರಿಕ್ಷಾದಲ್ಲಿ ಕೂಡಿಸಿಕೊಂಡು ದವಾಖಾನೆಗೆ ಹೋದೆ. ಶುಗರ್ ನಾನೂರರ ಹತ್ತಿರ. ಏನು ತಿಂದಿದ್ದಾರೆ ಎಂದು ಡಾಕ್ಟರಬಾಯಿ ಕೇಳಿದಳು. ನಾನು ಹೆಮ್ಮೆಯಿಂದಲೇ ಕಡ್ಡಿ ಮಾಡುವ ಬಗೆ ಹೇಳಿದೆ. ಬೆಲ್ಲದ ಮಾತು ಬಂದಾಗ ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. ಸಕ್ಕರೆ ತಮ್ಮನಾದರೆ ಬೆಲ್ಲ ಅಣ್ಣ, ಎರಡೂ ಒಂದೇ ಮನೆಯವು, ಮರದ್ದಾದರೇನು ಕಬ್ಬಿನದಾದರೇನು ಎಂದು ಹಿಂದಿಯಲ್ಲಿ ಬಯ್ದಳು. ನೆಲ ಬಾಯಿ ಬಿಟ್ಟರೆ ಹೋಗಿಬಿಡುತ್ತಿದ್ದೆ.

ಲೋಕಪ್ಪ ಎರಡು ದಿನಕ್ಕೆ ಸುಧಾರಿಸಿಕೊಂಡ, ಈಗ ಮನೆಯಲ್ಲಿದ್ದಾನೆ, ಚಿಂತೆ ಮಾಡಬೇಡ. ನಾನು ಅವನ ಮಂಚದ ಹತ್ತಿರ ಕೂತು ತಪ್ಪಾಯಿತೆಂದೆ. ಅವನು ಸಿಟ್ಟಾಗಲಿಲ್ಲ. ನಕ್ಕು ಹೇಳಿದ: "ನೀವು ಅಂಗಡಿ ಹಿಂದ ಗಾಡಿಯವನ ಹತ್ರ ದಿನಾ ಕುಲ್ಫಿ ತಿಂತೀರಂತ ಮುರುಗೆವ್ವಾರಿಗೆ ಗೊತ್ತೈತ್ರಿ. ಧಾರವಾಡಕ್ಕ ಹೋಗು ಮುಂದ ನನ್ನ ಹತ್ರ ಬಂದು, 'ಅಣ್ಣಾ, ಅವರಿಗೆ ಬ್ಯಾಡಂದ್ರ ಕೇಳಂಗಿಲ್ಲ. ಸಕ್ರಿ ಇಲ್ದಂಗ ಏನರ ಮಾಡಿ ತಿನ್ನಸ್ರಿ, ನಾ ಹೇಳೇನಂತ ಹೇಳಬ್ಯಾಡ್ರಿ' ಅಂದ್ರು. ತಾಟು ಕೊಟ್ಟ ದಿನ ಅವರಿಗೊಂದು ಫೋಟೋ ಹಾಕ್ತಿದ್ನಿ, ಅಷ್ಟರಿ."

ಎಲ್ಲ ತಿಳಿಯಿತು. ನೀನು ಯುಗಾದಿಯ ದಿನ ಕೇಳಿದ್ದು ಲೋಕಪ್ಪನ ಕೈರುಚಿಯನ್ನಲ್ಲ, "ನೀವು ತಿಂದ್ರೇನು" ಎಂದಷ್ಟೇ. ಆದರೆ ಹೊಟ್ಟೆಕಿಚ್ಚು ಹೋಯಿತು ಎಂದುಕೊಂಡರೆ ತಪ್ಪು, ಮೊದಲಿಗಿಂತ ಹೆಚ್ಚಾಗಿದೆ. ನನ್ನ ಕುಲ್ಫಿಯ ಚಿಂತೆಯನ್ನು ನೀನು ಅವನ ಮುಂದೆ ಹೇಳಿಕೊಂಡೆ, ನನ್ನ ಮುಂದೆ ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆನೇ ಎನ್ನುತ್ತೀ. ಕೇಳುತ್ತಿರಲಿಲ್ಲ, ಒಪ್ಪಿದೆ. ಆದರೂ ನಿನ್ನ ಮನಸ್ಸಿನಲ್ಲಿರುವುದು ಮೇಲ್ಮನೆಗೆ ಮೊದಲು ತಿಳಿದು ಆಮೇಲೆ ಕೆಳಮನೆಗೆ ಇಳಿದು ಬರುವುದು ನನಗೆ ಸೇರುವುದಿಲ್ಲ. ಇನ್ನು ಮುಂದೆ ನೇರ ನನಗೇ ಬಯ್ಯಿ.

ಉಳಿದಂತೆ ಎಲ್ಲ ಕ್ಷೇಮ. ಅಂಗಡಿಗೆ ಮದುವೆ ಸುಗ್ಗಿಯ ಗಿರಾಕಿ ಇದ್ದಾರೆ. ನಿನ್ನ ಕರಿಬೇವು ಬದುಕಿದೆ, ಮಲ್ಲಿಗೆ ಒಣಗಿದೆ. ಭಾವನಾಗೂ ಕೂಸಿಗೂ ನನ್ನ ಆಶೀರ್ವಾದ, ಅಳಿಯನಿಗೆ ಶರಣು. ಶಿವ ನಿಮ್ಮನ್ನು ತಣ್ಣಗೆ ಇಟ್ಟಿರಲಿ.

ಇಂತು,
ಗುರುಪಾದ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು ಬರೆದುಬಿಡುತ್ತೇನೆ. ಅವತ್ತು ದವಾಖಾನೆಯಲ್ಲಿ ಡಾಕ್ಟರಬಾಯಿ ನನ್ನ ಬೆರಳಿಗೂ ಚುಚ್ಚಿದಳು. ಮುನ್ನೂರ ಹನ್ನೆರಡು. ಕುಲ್ಫಿ ಬಿಟ್ಟಿದ್ದೇನೆ, ಲೋಕಪ್ಪ ಅಳತೆ ಹೇಳುತ್ತಾನೆ, ನಾನು ತಿರುವುತ್ತೇನೆ, ಬೆಲ್ಲವಿಲ್ಲ. ಮೊನ್ನೆ ಭಾವನಾ, "ಅವ್ವನ್ನ ದೀಪಾವಳಿ ತನಕಾ ಇಲ್ಲೇ ಇಟ್ಕೊಳ್ಳಲೇನ್ರಿ?" ಎಂದು ಕೇಳಿದಾಗ "ಇಟ್ಕೊ, ನನಗೇನಾಗೈತಿ" ಎಂದಿದ್ದೆ. ಅದು ಸುಳ್ಳು. ಕೂಸಿನ ಪ್ರಯಾಣಕ್ಕೆ ಡಾಕ್ಟರು ಹೂಂ ಎಂದರೆ ಭಾವನಾನನ್ನೂ ಕೂಸನ್ನೂ ಕಟ್ಟಿಕೊಂಡು ಬಾ, ಇದು ಅವಳ ತವರೇ. ನೆಗ್ಗಿದ ಗ್ಲಾಸನ್ನು ಕಪಾಟಿನಲ್ಲಿ ಹೆಸರು ಮುಂದೆ ಬರುವಂತೆ ಇಟ್ಟಿದ್ದೇನೆ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಬಾಗಿಲು ಹಾಕಿ ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿದೆ. ಲೋಕಪ್ಪನ ಹಾಗೆ ಮರ್ಯಾದೆ ಹಚ್ಚಿ ಕರೆಯಲು ನನಗೆ ಬರುವುದಿಲ್ಲ. ಮುರುಗೆವ್ವಾ, ಬಾ.