ಉಪವಾಸವಿಲ್ಲದ ಶುಕ್ರವಾರ

ಫಿಚೆ
ಗಿನ್ಬೋತ್ ತಿಂಗಳ ಮೊದಲ ದಿನ, ಮಂಗಳವಾರ, ೧೯೪೨

(ನಿಮ್ಮ ಹಳೆಯ ದೊರೆಗಳ ಪಂಚಾಂಗದಲ್ಲಿ ಇವತ್ತು ಮೇ ಒಂಬತ್ತು, ೧೯೫೦. ಇಟಲಿಯವರು ನಮಗಿಂತ ಎಂಟು ವರ್ಷ ಮುಂದಿದ್ದಾರೆ ಎಂದು ನೀವು ಹೆಮ್ಮೆಯಿಂದ ಹೇಳುತ್ತಿದ್ದಿರಿ. ಅಷ್ಟು ಮುಂದಿದ್ದವರು ಹಾಗೆಯೇ ಮುಂದೆ ಹೋಗಿಬಿಟ್ಟಿದ್ದರೆ ನಮಗೂ ಸುಖವಿತ್ತು.)

ಅಸ್ಮರಾದಲ್ಲಿ ಕೆಮ್ಮುತ್ತ ಕುಳಿತಿರುವ, ಮಾಜಿ ದುಭಾಷಿಗಳೂ ಚರ್ಚಿನ ಲೆಕ್ಕದಲ್ಲಿ ಹಾಲಿ ನನ್ನ ಗಂಡನೂ ಆದ ಶಿಫೆರಾವ್ ಅವರ ಸನ್ನಿಧಾನಕ್ಕೆ,

ಕಾಗದದ ಆರಂಭದಲ್ಲಿ ಕ್ಷೇಮ ಕೇಳುವುದು ಪದ್ಧತಿ. ಕ್ಷೇಮವಾಗಿಲ್ಲವೆಂದು ನೀವೇ ಬರೆದಿದ್ದೀರಿ, ಹಾಗಾಗಿ ನನಗೆ ಆ ಶ್ರಮ ಉಳಿಯಿತು. ನಾನು ದೇವರ ದಯೆಯಿಂದ ಗಟ್ಟಿಯಾಗಿದ್ದೇನೆ. ಹಲ್ಲು ಎರಡು ಹೋಗಿವೆ, ನಾಲಿಗೆ ಪೂರ್ತಿ ಇದೆ.

ನಿಮ್ಮ ಕಾಗದ ಓದಿದೆ. ಶ್ವಾಸಕೋಶ ತೂತು ಬಿದ್ದಿದೆ, ಮಳೆಗಾಲ ದಾಟುವುದು ಕಷ್ಟವೆಂದು ವೈದ್ಯರು ಹೇಳಿದ್ದಾರೆ, ಸತ್ತರೆ ಫಿಚೆಯ ಚರ್ಚಿನ ಅಂಗಳದಲ್ಲೇ ಮಣ್ಣಾಗಬೇಕೆಂಬ ಆಸೆ, ಅದಕ್ಕಾಗಿ ಊರ ಹಿರಿಯರಿಗೂ ಬರೆದಿದ್ದೇನೆ, ಎಂದು ಇಷ್ಟನ್ನು ನಾಲ್ಕು ಪುಟ ಬರೆದಿದ್ದೀರಿ. ಇನ್ನೊಬ್ಬರ ಮಾತನ್ನು ಒಂದೇ ಸಾಲಿಗೆ ಇಳಿಸುವುದರಲ್ಲಿ ನಿಮ್ಮಂಥ ದುಭಾಷಿ ಇರಲಿಲ್ಲ. ಸ್ವಂತ ಮಾತು ಬಂದಾಗ ಮಾತ್ರ ಉದ್ದವಾಗುತ್ತದೆ.

ಹಿರಿಯರು ಶನಿವಾರ ಮನೆಗೆ ಬಂದಿದ್ದರು. ಮೂವರೂ ನನ್ನ ಅಂಗಳದಲ್ಲಿ ಕುಳಿತು, ಹುರಿದ ಬಾರ್ಲಿ ಮೆಲ್ಲುತ್ತ, ಬಂದ ವಿಷಯ ಬಿಟ್ಟು ಬೇರೆಲ್ಲ ಮಾತಾಡಿದರು. ಕಾಫಿಯ ಮೊದಲ ಸುತ್ತು ಮುಗಿದ ಮೇಲೆ ಲೆಮ್ಮ ಗಂಟಲು ಸರಿ ಮಾಡಿಕೊಂಡ. ಅವನ ತಮ್ಮನನ್ನೂ ದೆಬ್ರೆ ಲಿಬಾನೋಸ್ ಮಠದ ಆ ಹಬ್ಬದಲ್ಲೇ ಹಿಡಿದು ಕೊಂದದ್ದು, ನಿಮಗೆ ನೆನಪಿರಬೇಕು.

"ನೋಡವ್ವ ಅಸ್ಕಾಲೆ, ಒಂದೇ ಮಾತು ಕೇಳ್ತೀವಿ. ಆ ಹಬ್ಬಕ್ಕೆ ಮುಂಚೆ ನಿನ್ನ ಗಂಡ ನಿನಗೇನಾದ್ರೂ ಸುಳಿವು ಕೊಟ್ಟಿದ್ನಾ? ಕೊಟ್ಟಿದ್ರೆ ಅವನ ಹೊಟ್ಟೆಯೊಳಗೆ ನಮ್ಮವನು ಇನ್ನೂ ಬದುಕಿದ್ದ ಅಂತ ಆಯ್ತು, ಇಲ್ಲೇ ಮಣ್ಣಾಗ್ಲಿ. ಕೊಡಲಿಲ್ಲ ಅಂದ್ರೆ ಅವನ ಹೆಣ ಆ ಕಡೆಯೇ ಇರ್ಲಿ."

"ಇಲ್ಲ" ಅಂದೆ.

ಎರಡನೆಯ ಸುತ್ತು ಸುರಿದಾಗ ಅವನೇ ಮತ್ತೆ, "ಸರಿಯಾಗಿ ಯೋಚ್ನೆ ಮಾಡಿ ಹೇಳು ತಾಯಿ, ಸಾಯೋನ ವಿಷಯ" ಅಂದ. ಇಲ್ಲ ಅಂದೆ. ಮೂರನೆಯ ಸುತ್ತಿಗೂ ಕೇಳಿದ, ಇಲ್ಲ ಅಂದೆ. ಅಷ್ಟರಲ್ಲಿ ಪಕ್ಕದ ಮನೆಯ ಹುಂಜ ಕೂಗಿತು. ಮಧ್ಯಾಹ್ನ ಮೂರು ಗಂಟೆಗೆ! ಹೊತ್ತುಗೊತ್ತು ತಿಳಿಯದ ಹಾಳು ಹುಂಜ. ಗುರುವನ್ನು ಅರಿಯೆನೆಂದು ಶಿಷ್ಯ ಮೂರು ಸಲ ಹೇಳಿದಾಗ ಹುಂಜ ಕೂಗಿದ ಬೈಬಲಿನ ಕಥೆ ನೆನಪಾಯಿತೇನೋ, ಲೆಮ್ಮ ಹುಂಜದ ಕಡೆ ನೋಡಿದ, ನನ್ನ ಕಡೆ ನೋಡಿದ, ಬಟ್ಟಲು ಕೆಳಗಿಟ್ಟ. "ನಾಳೆ ಬೇಡ, ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ತೀರ್ಮಾನ ಹೇಳ್ತೀವಿ. ಅಲ್ಲಿವರೆಗೆ ನಿನ್ನ ಮಾತು ನಿನ್ನ ಹತ್ರಾನೇ ಇರ್ಲಿ" ಎಂದು ಎದ್ದ.

ಆದ್ದರಿಂದ ನಿಮಗೆ ತಿಳಿಸುವುದೇನೆಂದರೆ, ಅಸ್ಮರಾದಲ್ಲೇ ಒಳ್ಳೆಯ ಜಾಗ ನೋಡಿಕೊಳ್ಳುವುದು ಕ್ಷೇಮ. ನಿಮ್ಮ ದೊರೆಗಳ ಸ್ಮಶಾನದಲ್ಲಿ ಅಮೃತಶಿಲೆಯ ದೇವದೂತರು ಇರುತ್ತಾರಂತಲ್ಲ. ಇಲ್ಲಿ ಹುಲ್ಲು ಮೇಯುವ ಕತ್ತೆಗಳಿವೆ ಅಷ್ಟೆ.

ನೀವು ಬರೆದಿದ್ದೀರಿ, "ನಾನು ಭಾಷೆ ಬದಲಿಸಿದೆ, ಕೊಲ್ಲಲಿಲ್ಲ" ಎಂದು. ಒಪ್ಪಿದೆ. ಗುಂಡು ಹೊಡೆದವರು ಲಿಬಿಯಾದಿಂದ ಕರೆತಂದ ಸಿಪಾಯಿಗಳು. ಅವರ ಊರುಗಳನ್ನು ಇದೇ ಇಟಲಿಯವರು ಮುಳ್ಳುತಂತಿಯೊಳಗೆ ಹಾಕಿ ಒಣಗಿಸಿದ್ದರಂತೆ. ಹೊಡೆತ ತಿಂದವರ ಕೈಯಿಂದಲೇ ಹೊಡೆಸುವುದು ಎಂಥ ಮಿತವ್ಯಯ! ಅದ್ದಿಸ್ ಅಬೆಬಾದಲ್ಲಿ ಅವರ ರಾಜಪ್ರತಿನಿಧಿಯ ಮೇಲೆ ಇಬ್ಬರು ಬಾಂಬು ಎಸೆದದ್ದಕ್ಕೆ ಮೂರು ದಿನ ಊರು ಸುಟ್ಟು, ಕೈಗೆ ಸಿಕ್ಕವರನ್ನೆಲ್ಲ ಕೊಂದರು. ಅಷ್ಟಾದರೂ ಕೋಪ ಮಿಕ್ಕಿತ್ತು. ಚೆಲ್ಲಲು ಮನಸ್ಸಾಗದೆ ಮಿಕ್ಕದ್ದನ್ನು ದೆಬ್ರೆ ಲಿಬಾನೋಸ್ ಮಠಕ್ಕೆ ಕಳಿಸಿದರು. ಬಾಂಬಿನವರಿಗೆ ಸನ್ಯಾಸಿಗಳು ಆಶ್ರಯ ಕೊಟ್ಟರೆಂದು ಆರೋಪ. ಅದೂ ಸಂತರ ಹಬ್ಬದ ದಿನ ನೋಡಿ ಬಂದರು. ಹಬ್ಬಕ್ಕೆ ಎಲ್ಲರೂ ಒಂದೇ ಕಡೆ ಸಿಗುತ್ತಾರಲ್ಲ.

ನಿಮ್ಮ ಆ ಕ್ಯಾಪ್ಟನ್ ಮಾತ್ರ ತುಂಬ ಭಕ್ತ. ನಮ್ಮ ಮನೆಯಲ್ಲಿ ಕಾಫಿಗೆ ಬಂದಾಗಲೂ ಶಿಲುಬೆಯ ಗುರುತು ಮಾಡಿಕೊಂಡೇ ಬಟ್ಟಲು ಎತ್ತುತ್ತಿದ್ದ. ನಾವು ಕ್ರೈಸ್ತರಾಗಿ ಸಾವಿರದ ಆರುನೂರು ವರ್ಷವಾಯಿತೆಂದು ಅಪ್ಪ ಹೇಳಿದ್ದನ್ನು ನೀವು ಅವನಿಗೆ ಅನುವಾದಿಸಿದಿರಿ. "ಅಷ್ಟು ಹಳೇದಾದ್ರೆ ಹುಳ ಹಿಡಿದಿರುತ್ತೆ" ಅಂದನಂತೆ. ಅದನ್ನೂ ಅನುವಾದಿಸಿದಿರಿ, ನಗುತ್ತ. ಅಪ್ಪನೂ ನಕ್ಕ. "ಹುಳ ಹಿಡಿದ ಗಿಣ್ಣು ತಿನ್ನೋ ಜನ, ಅವರಿಗೆ ಗೊತ್ತಿರುತ್ತೆ ಬಿಡಪ್ಪ" ಅಂದ. ಅದನ್ನು ಮಾತ್ರ ನೀವು ಅನುವಾದಿಸಲಿಲ್ಲ.

ಈಗ ಟೋಪಿಯ ವಿಷಯಕ್ಕೆ ಬರೋಣ. ನಾಲ್ಕು ಪುಟದಲ್ಲಿ ನೀವು ಆ ಒಂದು ಪದ ಬರೆದಿಲ್ಲ, ಹುಡುಕಿ ನೋಡಿದೆ.

ಹೆಂಡತಿ ಸತ್ತ ಮುದುಕರು, ಗಂಡ ಸತ್ತ ಮುದುಕಿಯರು ಲೋಕದ ವ್ಯವಹಾರ ಸಾಕೆನಿಸಿದಾಗ ಸನ್ಯಾಸಿ ಟೋಪಿ ಧರಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಟೋಪಿ ಬಂತೆಂದು ಯಾರೂ ಮಠದ ಗುಹೆಗೆ ಹೋಗಿ ಕೂರುವುದಿಲ್ಲ. ಮನೆಯಲ್ಲೇ ಇರುತ್ತಾರೆ, ಮೊಮ್ಮಕ್ಕಳನ್ನು ಗದರುತ್ತಾರೆ, ಹಬ್ಬಕ್ಕೆ ಮಠಕ್ಕೆ ಹೋಗಿ ಬೇಯಿಸಿದ ಕಾಳು ತಿಂದು ಬರುತ್ತಾರೆ. ಇದು ಫಿಚೆಯ ಕತ್ತೆಗೂ ಗೊತ್ತು. ಅಪ್ಪ ಬೆಜಾಬಿಗೆ ಟೋಪಿ ಧರಿಸುವ ಮನಸ್ಸೇ ಇರಲಿಲ್ಲ. ನಲವತ್ತು ವರ್ಷ ಹೇಸರಗತ್ತೆ ಮಾರಿದವನು, ಎಪ್ಪತ್ತಕ್ಕೂ ಸಂತೆಯ ಜೇನುಮದ್ಯದ ಅಂಗಡಿಯಾಕೆಯ ಹತ್ತಿರ ಹಲ್ಲು ಕಿಸಿಯುತ್ತ ಕೂರುತ್ತಿದ್ದ. ಊರವರ ಮಾತು ಕೇಳಲಾರದೆ ನಾನೇ ಕಾಡಿ ಒಪ್ಪಿಸಿದೆ. ಹಳದಿ ಬಟ್ಟೆ ತಂದು ನಾನೇ ಹೊಲಿದೆ. ಮಠದ ಹಿರಿಯರು ಹರಸಿ ಅವನ ತಲೆಗಿಟ್ಟರು. ಆ ವಾರವೇ ಬುಧವಾರದ ಉಪವಾಸದ ದಿನ ಕದ್ದು ಮಾಂಸ ತಿನ್ನುತ್ತ ಸಿಕ್ಕಿಬಿದ್ದ. ಬೈದರೆ, "ಟೋಪಿ ಇರೋದು ತಲೆ ಮೇಲೆ ಕಣೇ, ಹೊಟ್ಟೆ ಮೇಲಲ್ಲ" ಅಂದ.

ಇಂಥ ಸನ್ಯಾಸಿ.

ಹಬ್ಬದ ದಿನ ಮಠದಲ್ಲಿ ನಡೆದದ್ದನ್ನು ನಮ್ಮ ನೆರೆಯ ವೊರ್ಕೆ ಕಣ್ಣಾರೆ ಕಂಡಳು. ಅವಳನ್ನು ನಂತರ ಬಿಟ್ಟುಬಿಟ್ಟರು. ಚರ್ಚಿನೊಳಗೆ ಎಲ್ಲರನ್ನೂ ಕೂಡಿಹಾಕಿದ ಮೇಲೆ ಕ್ಯಾಪ್ಟನ್‌ಗೆ ತಲೆನೋವು ಶುರುವಾಯಿತಂತೆ: ಎಲ್ಲರೂ ಬಿಳಿ ಬಟ್ಟೆ, ಎಲ್ಲರೂ ಗಡ್ಡ, ಯಾರು ಮಠದವರು, ಯಾರು ಹರಕೆಗೆ ಬಂದ ರೈತರು? ನಿಮ್ಮನ್ನು ಕೇಳಿದ. ನೀವು ಹೇಳಿದ್ದೇನೆಂದು ವೊರ್ಕೆಗೆ ಅರ್ಥವಾಗಲಿಲ್ಲ, ಅದು ಅವರ ಭಾಷೆ. ಆದರೆ ನಿಮ್ಮ ಕೈ ಅವಳಿಗೆ ಅರ್ಥವಾಯಿತು. ನೀವು ಕೈಯೆತ್ತಿ ನಿಮ್ಮ ತಲೆ ಮುಟ್ಟಿಕೊಂಡಿರಿ. ಟೋಪಿ ಇದ್ದವರನ್ನು ಒಂದು ಕಡೆ ಎಳೆದರು. ಮರುದಿನ ಶುಕ್ರವಾರ ಅವರನ್ನು ಲಾರಿಗಳಿಗೆ ತುಂಬಿದರು.

ರೈತರನ್ನಾದರೂ ಉಳಿಸೋಣವೆಂದು ಹಾಗೆ ಹೇಳಿದಿರಿ, ಅಲ್ಲವೇ? ಯಾರಿಗೂ ಹೇಳಬೇಡಿ, ನಾನೂ ಹಾಗೇ ಅಂದುಕೊಂಡಿದ್ದೇನೆ. ಉಳಿದ ರೈತರು ಈಗಲೂ ಸಂತೆಯಲ್ಲಿ ಸಿಗುತ್ತಾರೆ. ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾರೆ, ಅವರು ಬದುಕಿದ್ದು ಅವರದೇ ತಪ್ಪು ಎನ್ನುವ ಹಾಗೆ.

ಅಪ್ಪ ಎರಡನೆಯ ಲಾರಿಯಲ್ಲಿದ್ದ. ನಿಮ್ಮನ್ನು ಕಂಡು ಅವನು ಅಳಲಿಲ್ಲ, ಶಾಪ ಹಾಕಲಿಲ್ಲ. ಸಂತೆಯಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದನಂತೆ:

"ಅಳಿಯಂದಿರೇ! ನನ್ನ ಪಾಲಿನ ಮಾಂಸ ಎತ್ತಿಡೋಕೆ ಹೇಳಿ ಅವಳಿಗೆ! ಉಪವಾಸ ಇಲ್ಲದ ಶುಕ್ರವಾರ ವರ್ಷಕ್ಕೆ ಏಳೇ ಬರೋದು!"

ಈಸ್ಟರ್ ಆದ ಮೇಲಿನ ಐವತ್ತು ದಿನ, ನಿಮಗೆ ಗೊತ್ತಲ್ಲ. ಶುಕ್ರವಾರವೂ ಮಾಂಸ ತಿನ್ನಬಹುದಾದ ಕಾಲ. ಅಪ್ಪ ಇಡೀ ವರ್ಷ ದೇವರನ್ನು ನೆನೆಯುತ್ತಿದ್ದದ್ದು ಆ ಏಳು ಶುಕ್ರವಾರಗಳಲ್ಲೇ.

ನೀವು ಬೇರೆ ಕಡೆ ಮುಖ ಮಾಡಿದಿರಂತೆ. ಲಾರಿ ಹೋಯಿತು. ಒಣ ಹಳ್ಳದ ಅಂಚಿನಲ್ಲಿ ಸಾಲಾಗಿ ಕೂರಿಸಿ, ಮೇಲೆ ಬಟ್ಟೆ ಮುಚ್ಚಿ ಹೊಡೆದರಂತೆ. ಬಟ್ಟೆ ಮುಚ್ಚಿದ್ದು ಯಾರ ಮರ್ಯಾದೆಗೋ!

ಇಬ್ಬರ ನಡುವೆ ಮಾತು ದಾಟಿಸುವುದು ನಿಮ್ಮ ಕಸುಬು. ದಂಡಿನ ಆಜ್ಞೆ ದಾಟಿಸಿದಿರಿ, ಬೆದರಿಕೆ ದಾಟಿಸಿದಿರಿ, ಹುಳದ ಮಾತು ದಾಟಿಸಿದಿರಿ. ಆ ಒಂದು ಮಾತು ನಿಮ್ಮ ಹತ್ತಿರವೇ ಉಳಿಯಿತು. ಶುಕ್ರವಾರ ಸಂಜೆಯವರೆಗೂ ನಾನು ಪಾತ್ರೆ ಮುಚ್ಚಿಟ್ಟು ಕಾದೆ. ಶನಿವಾರ ಹಳಸಿತು, ಬೆಕ್ಕಿಗೆ ಹಾಕಿದೆ. ಭಾನುವಾರ ವೊರ್ಕೆ ಕಾಲೆಳೆಯುತ್ತ ಬಂದಳು. ಹದಿಮೂರು ವರ್ಷದಿಂದ ನಾನು ಬೆಕ್ಕು ಸಾಕಿಲ್ಲ.

ನಿಮಗೆ ಬಾಗಿಲು ಹಾಕಿದ್ದು ಆ ಭಾನುವಾರ. ನಾಲ್ಕು ವರ್ಷ ನೀವು ದಂಡಿನ ಬಿಡಾರದಲ್ಲಿ ಮಲಗಿದಿರಿ, ಆಮೇಲೆ ಸೋತ ದೊರೆಗಳ ಬಾಲ ಹಿಡಿದು ಅಸ್ಮರಾಕ್ಕೆ ಹೋದಿರಿ. ನಮ್ಮದು ಚರ್ಚಿನಲ್ಲಿ ಕುರ್ಬಾನದ ಪವಿತ್ರ ರೊಟ್ಟಿ ಸ್ವೀಕರಿಸಿ ಆದ ಮದುವೆ, ಬಿಡಿಸಿಕೊಳ್ಳಲು ಬರುವುದಿಲ್ಲ. ಹೀಗಾಗಿ ನಾನು ಗಂಡನಿರುವ ವಿಧವೆ. ಊರಲ್ಲಿ ಇದೊಂದು ಅಪರೂಪದ ಹುದ್ದೆ, ಹಬ್ಬಹುಣ್ಣಿಮೆಗೆ ನನ್ನನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಒಟ್ಟಿನಲ್ಲಿ, ಹಿರಿಯರಿಗೆ ನಾನು ಹೇಳಿದ್ದು ಹೇಳಿಯಾಯಿತು. ಬಿಸಿನೀರು ಕುಡಿಯಿರಿ. ಎದೆಗೆ ಬೆಣ್ಣೆ ಸವರಿಸಿಕೊಳ್ಳಿ. ಇಟಲಿಯ ವೈದ್ಯರನ್ನು ನಂಬಬೇಡಿ ಎನ್ನಲಾರೆ, ನಂಬುವುದು ನಿಮ್ಮ ಹಳೆಯ ಅಭ್ಯಾಸ.

ಇಂತಿ,
ಬಿಡುಗಡೆಯಿಲ್ಲದ ನಿಮ್ಮ ಹೆಂಡತಿ,
ಅಸ್ಕಾಲೆ ಬೆಜಾಬಿ

ತಾ.ಕ.: ಕಾಗದ ಮಡಿಸಿ ಅಂಟು ಹಚ್ಚಿದ್ದೆ. ಆ ಹುಂಜ ಮತ್ತೆ ಕೂಗಿತು. ಬಿಡಿಸಿದ್ದೇನೆ.

ನೀನು ಹೇಳಿದ್ದೆ, ಶಿಫೆರಾವ್. ಹಬ್ಬದ ವಾರದ ಸೋಮವಾರ, ಊಟವಾದ ಮೇಲೆ ನಾನು ನಿನ್ನ ಕೈಗೆ ನೀರು ಸುರಿಯುತ್ತಿದ್ದಾಗ, ತಲೆ ಎತ್ತದೆ ಹೇಳಿದೆ: "ಈ ಸಲ ನಿಮ್ಮಪ್ಪನ್ನ ಮಠಕ್ಕೆ ಕಳಿಸಬೇಡ. ಯಾಕೆ ಅಂತ ಕೇಳಬೇಡ." ಆಮೇಲೆ ರಸ್ತೆ ಅಳೆಯುವ ಕೆಲಸವೆಂದು ಮಂಗಳವಾರ ದಂಡಿನ ಜೊತೆ ಹೋದೆ. ಅದರ ಹಿಂದಿನ ವಾರ ತಾನೆ ದಂಡಿಗೆ ಹೇಸರಗತ್ತೆ ಕೊಡುವುದಿಲ್ಲವೆಂದು ಅಪ್ಪ ನಿನ್ನ ಜೊತೆ ಜಗಳವಾಡಿದ್ದ. ಅದರ ಸಿಟ್ಟಿಗೆ ಮುದುಕನ ಹಬ್ಬ ಕೆಡಿಸುತ್ತಿದ್ದೀಯೆಂದು ನಾನು ತಿಳಿದೆ. ಬುಧವಾರ ಬೆಳಗ್ಗೆ ಅಪ್ಪ ಮೊಣಕಾಲು ನೋವೆಂದು ಮಲಗೇ ಇದ್ದ. "ನಿನ್ನ ಅಳಿಯ ಹೋಗಬೇಡ ಅಂದಿದಾನೆ, ಅವನ ಮಾತಿಗೆ ಹೆದರಿ ಮಲಗಿದ್ದೀಯಾ?" ಅಂದೆ. ಅದಕ್ಕೇ ಎದ್ದ. ಟೋಪಿಯನ್ನು ಈ ಕೈಯಿಂದಲೇ ಅವನ ತಲೆಗಿಟ್ಟು ಕಿವಿಯವರೆಗೆ ಎಳೆದೆ, ಗಾಳಿ ಇತ್ತು.

ಅವನು ಮನೆಯಲ್ಲೇ ಇದ್ದಾನೆಂಬ ನಂಬಿಕೆಯಲ್ಲಿ ನೀನು ನಿನ್ನ ತಲೆ ಮುಟ್ಟಿಕೊಂಡೆ. ನನಗೆ ಗೊತ್ತು. ಹದಿಮೂರು ವರ್ಷದಿಂದ ಗೊತ್ತು. ನೀನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ನಾಲ್ಕು ಪುಟದಲ್ಲೂ ಬರೆಯಲಿಲ್ಲ. ಅದು ನನ್ನನ್ನು ಕಾಯುವುದಕ್ಕೋ, ಕೊಲ್ಲುವುದಕ್ಕೋ ಇನ್ನೂ ತಿಳಿದಿಲ್ಲ.

ಈ ಭಾನುವಾರ ಪೂಜೆ ಮುಗಿದ ಮೇಲೆ ಹಿರಿಯರ ಮುಂದೆ ಎರಡನ್ನೂ ಹೇಳುತ್ತೇನೆ, ನಿನ್ನ ಮಾತು, ನನ್ನ ಕೈ. ಅವರು ಒಪ್ಪಿದರೆ ಅಮ್ಮನ ಗೋರಿಯ ಪಕ್ಕ ಅಪ್ಪನಿಗೆಂದು ಬಿಟ್ಟ ಜಾಗ ಖಾಲಿಯೇ ಇದೆ. ಮಲಗಬೇಕಾದವನು ಹಳ್ಳದಲ್ಲಿ ಇನ್ನೂ ಯಾರ್ಯಾರ ಎಲುಬಿನ ಜೊತೆ ಇದ್ದಾನೋ. ನೀನು ಮಲಗು.

ಆದರೆ ಹೆಣವಾಗಿ ಬರಬೇಡ. ಬಾಯಿರುವಾಗ ಬಾ. ಲಾರಿಯಿಂದ ಅವನು ಕೂಗಿದ್ದನ್ನು ನನ್ನೆದುರು ನಿಂತು ನಿನ್ನ ಬಾಯಿಂದ ಹೇಳು. ನನಗದು ಬಾಯಿಪಾಠ ಬರುತ್ತದೆ, ಆದರೂ ಹೇಳು.

ಈ ವರ್ಷ ಉಪವಾಸವಿಲ್ಲದ ಶುಕ್ರವಾರ ಇನ್ನು ಮೂರು ಉಳಿದಿವೆ. ಒಂದು ಈ ಕಾಗದ ಬರುವ ದಾರಿಯಲ್ಲಿ ಹೋಗುತ್ತದೆ, ಇನ್ನೊಂದು ನೀನು ಬರುವ ಬಸ್ಸಿನಲ್ಲಿ. ಮೂರನೆಯದಕ್ಕೆ ಮಾಂಸ ಎತ್ತಿಟ್ಟಿರುತ್ತೇನೆ.