ಕಾಟಿ ಟೀಮಿನ ಕೊನೆಯ ಆಟ

ಗುಂಡ್ಲುಪೇಟೆ,
ಗುರುವಾರ, ೧೩ ಮಾರ್ಚ್ ೨೦೨೫

ನನ್ನ ಉದ್ದನೆಯ ಮಗ ನಿಂಗರಾಜುವಿಗೆ ನಿನ್ನ ಅವ್ವನ ಆಶೀರ್ವಾದಗಳು.

ಮಂಡಿ ಹೇಗಿದೆ? ಊತ ಇಳಿಯಿತೇ? ಮೆಟ್ಟಿಲು ಹತ್ತುವಾಗ ಇನ್ನೂ ಗೋಡೆ ಹಿಡಿಯುತ್ತೀಯಾ? ಸತ್ಯಮಂಗಲದ ಬಿಸಿಲು ನಿನಗೆ ಆಗುವುದಿಲ್ಲ, ಗೊತ್ತು. ಸೋಮಮ್ಮ ಚಿಕ್ಕಮ್ಮ ಹುಣಸೆಹಣ್ಣು ಸುರಿದು ಸಾರು ಮಾಡುತ್ತಾಳೆ. ನನ್ನ ತಂಗಿಯಾದರೂ ಕೈರುಚಿ ನನ್ನದಲ್ಲ. ಮುಖ ಸಿಂಡರಿಸದೆ ತಿನ್ನು. ಮಂಚ ನಿನ್ನ ಅಳತೆಗೆ ಸಾಲದಿದ್ದರೆ ನೆಲದ ಮೇಲೇ ಹಾಸಿಕೋ, ಕಾಲು ಮಡಚಿಕೊಂಡು ಮಾತ್ರ ಮಲಗಬೇಡ. ನಿಮ್ಮಪ್ಪ ಚೆನ್ನಾಗಿದ್ದಾರೆ. ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವುದನ್ನು ಬಿಡಿ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಅಂಗನವಾಡಿಯ ಗೋಡೆಗೆ ನಿನ್ನ ಆಳೆತ್ತರದ ಫೋಟೋ ಅಂಟಿಸಿದ್ದೇನಲ್ಲ, ಅಲ್ಲಿ ನಾನು ನೋಡಿಕೊಳ್ಳುವ ಪುಟ್ಟ ಮಕ್ಕಳಿಗೆ ನಿನ್ನ ಮುಖ ಎಟುಕುವುದಿಲ್ಲ. ಮಂಡಿಗೇ ಮುತ್ತು ಕೊಟ್ಟು ಓಡುತ್ತವೆ.

ಮೂರು ವಾರದಿಂದ ಫೋನ್ ಆಫ್ ಮಾಡಿಕೊಂಡು ಕೂತಿದ್ದೀಯ. ಯಾರೂ ನೋಡಲು ಬರಕೂಡದು ಎಂದು ಚಿಕ್ಕಮ್ಮನ ಕೈಲಿ ಹೇಳಿಸಿದೆ. ನಿನ್ನ ಹಟ ಯಾರದೆಂದು ನನಗೆ ಗೊತ್ತು, ನಿಮ್ಮಪ್ಪನ ಮನೆಯವರದು. ಅದಕ್ಕೇ ಈಗ ಪತ್ರ. ಟೀಮಿನ ಮ್ಯಾನೇಜರ್ ವೇಲಾಯುಧನ್ ಸಾರ್ ಬೆಳಿಗ್ಗೆಯೇ ಕಾರಿನಲ್ಲಿ ಬಂದು ನಮ್ಮ ಜಗುಲಿಯ ಮೇಲೆ ಕೂತಿದ್ದಾರೆ. ಹೋದ ವಾರ ಅಲ್ಲಿಗೇ ಬಂದಾಗ ನೀನು ಹೊರಗೆ ಬಂದು ಮಾತಾಡಿಸಲೂ ಇಲ್ಲವಂತೆ. ಅದು ತಪ್ಪು. ಅವ್ವನ ಕೈಬರಹ ಕಂಡರೆ ಹುಡುಗ ಮೆತ್ತಗಾಗುತ್ತಾನೆ ಎಂದು ಹಾಳೆ, ಪೆನ್ನು, ಕವರು ಎಲ್ಲ ಅವರೇ ತಂದಿದ್ದಾರೆ. ಬರೆದ ಮೇಲೆ ನಾನು ಅವರಿಗೆ ಓದಿ ಹೇಳಬೇಕು. ಆಮೇಲೆ ಅವರೇ ಬಂದು ನಿನ್ನ ಕೈಗೆ ಕೊಡುತ್ತಾರೆ.

ಈ ವರ್ಷದ ಆಟ ನಮ್ಮನ್ನು ಆಕಾಶಕ್ಕೆ ಎತ್ತಿ ನೆಲಕ್ಕೆ ಹಾಕಿತು ನಿಂಗರಾಜು. ಬೋರ್ಡಿನಲ್ಲಿ ಚಾಮರಾಜನಗರ ಬೈಸನ್ಸ್, ನಮ್ಮ ಜನರ ಬಾಯಲ್ಲಿ ಕಾಟಿ ಟೀಮು. ಮೊದಲ ಪಂದ್ಯಗಳನ್ನು ಒಂದರ ಮೇಲೊಂದು ಗೆದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ನಿನ್ನ ಕಟೌಟ್ ನಿಲ್ಲಿಸಿದರು. ಬಾಸ್ಕೆಟ್‌ಬಾಲ್ ಎಂದರೆ ಏನೆಂದೇ ಗೊತ್ತಿರದ ಲಾರಿ ಡ್ರೈವರುಗಳು ಟೀ ಅಂಗಡಿಯಲ್ಲಿ ರೀಬೌಂಡಿನ ಬಗ್ಗೆ ಜಗಳವಾಡುತ್ತಿದ್ದರು. ಆಮೇಲೆ ಸಾಲಾಗಿ ಸೋಲು. ಮೈಸೂರಿನಲ್ಲಿ ಗೆದ್ದು ಮತ್ತೆ ತಲೆಯೆತ್ತಿದಿರಿ ಅನ್ನುವಷ್ಟರಲ್ಲಿ ಕೋಳಿಕ್ಕೋಡಿನವರ ಮೇಲಿನ ಪಂದ್ಯ ಬಂತು. ನೀನು ಹಾರಿ ಚೆಂಡು ಹಿಡಿದು ಇಳಿಯುವಾಗ ಬಿದ್ದೆ, ಏಳಲಿಲ್ಲ. ಮೊಬೈಲಿನಲ್ಲಿ ನೋಡುತ್ತಿದ್ದ ನಿಮ್ಮಪ್ಪ, "ನನ್ ಮಗ ಬೀಳ್ನಿಲ್ಲ ಕಣಮ್ಮಿ, ಅವ್ರೇ ಬೀಳ್ಸ್‌ಬುಟ್ರು" ಎಂದವರು ಆ ದಿನ ಊಟಕ್ಕೇ ಏಳಲಿಲ್ಲ. ನೀನಿಲ್ಲದ ಪಂದ್ಯಗಳನ್ನು ನೋಡುವುದೇ ಒಂದು ಹಿಂಸೆ. ಅದರಲ್ಲಿ ಒಂದನ್ನು ಒಂದೇ ಪಾಯಿಂಟಿನಲ್ಲಿ ಗೆದ್ದರು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ಹಿಡಿದು ಬಂದರು. ಮುಂದಿನ ವಾರ ಮತ್ತೆ ಸೋಲು. ಗಾಳಿಗೆ ಕಟೌಟ್ ಬಿತ್ತು, ಯಾರೂ ಎತ್ತಿ ನಿಲ್ಲಿಸಲಿಲ್ಲ. ಅದನ್ನು ಕಂಡು ನನಗೆ ಅಳು ಬಂತು.

ಈ ಭಾನುವಾರ ಹೊಸೂರಿನವರ ಮೇಲೆ ಕೊನೆಯ ಆಟ. ಸೋತರೆ ಲೀಗಿನಿಂದ ಹೊರಗೆ. ಮಾಲೀಕರು ಟೀಮನ್ನೇ ಮುಚ್ಚುತ್ತಾರಂತೆ, ನಿನ್ನ ಜೊತೆ ಆಡಿದ ಹುಡುಗರೆಲ್ಲ ಬೀದಿಗೆ ಬೀಳುತ್ತಾರೆ. ನೀನು ಆಡಿದರೆ ಉಳಿಯುತ್ತೇವೆ, ಒಂದು ಇಂಜೆಕ್ಷನ್ ಹಾಕಿದರೆ ನೋವೇ ಗೊತ್ತಾಗುವುದಿಲ್ಲ, ಕಾಲಿಗೆ ಏನೂ ಆಗುವುದಿಲ್ಲ ಎಂದು ಸಾರ್ ಹೇಳುತ್ತಿದ್ದಾರೆ. ನಿನ್ನ ತಮ್ಮ ಶಂಕರ್ ಬದನಗುಪ್ಪೆಯಲ್ಲಿ ಇದೇ ಮಾಲೀಕರ ಫ್ಯಾಕ್ಟರಿಯಲ್ಲಿದ್ದಾನಲ್ಲ, ಅವನನ್ನು ಕಾಯಂ ಮಾಡುವುದೋ ಬಿಡುವುದೋ ಎಂಬ ಮಾತನ್ನು ಭಾನುವಾರ ಕಳೆದ ಮೇಲೆ ಆಡೋಣ ಎಂದರು. ಅದನ್ನೂ ಬರೆಯಿರಿ ಎಂದರು, ಬರೆದಿದ್ದೇನೆ. ಶಂಕರ್ ನಿನ್ನೆ ಡ್ಯೂಟಿ ಮುಗಿಸಿ ಬಂದು, "ಅಣ್ಣ ಬಂದ್ರೆ ಗೆಲ್ತೀವಿ ಕಣವ್ವ" ಅಂದ. ನನಗೂ ಹಾಗೇ ಅನ್ನಿಸುತ್ತದೆ. ಚಿಕ್ಕಂದಿನಿಂದ ಬಾಗಿಲ ಚೌಕಟ್ಟಿಗೆ ತಲೆ ತಗುಲಿಸಿಕೊಂಡು ಬೆಳೆದ ನಿನ್ನ ಎತ್ತರಕ್ಕೆ ಬೆಲೆ ಬಂದದ್ದು ಆ ಅಂಗಳದಲ್ಲಿ. ಅದನ್ನು ಹೀಗೆ ಅರ್ಧಕ್ಕೆ ಬಿಡಬೇಡ. ಆಡಿ, ಮನೆಗೆ ಬಂದು, ನನ್ನ ಕೈಯ ಮುದ್ದೆ ತಿಂದು ಹೋಗು.

ಸೋಮಮ್ಮನನ್ನೂ ಅವಳ ಮಕ್ಕಳನ್ನೂ ಕೇಳಿದೆನೆಂದು ಹೇಳು. ಮಾದಪ್ಪ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಹಾದಿ ನೋಡುತ್ತಿರುವ ಅವ್ವ,
ನೀಲಾವತಿ

ಇನ್ನೊಂದು ಮಾತು: ಇಲ್ಲಿಯವರೆಗಿನದನ್ನು ಓದಿ ಹೇಳಿದೆ, ಸಾರ್ ತಲೆಯಾಡಿಸಿದರು. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕವರಿಗೆ ಅಂಟಿಸಲು ಅನ್ನದ ಅಗುಳು ತರುತ್ತೇನೆಂದು ಒಳಗೆ ಬಂದು ಒಲೆಯ ಪಕ್ಕ ಕೂತು ಇದನ್ನು ಗೀಚುತ್ತಿದ್ದೇನೆ. ಬಾ ಎಂದು ಮನಸಾರೆಯೇ ಬರೆದಿದ್ದೆ. ಆದರೆ ಕಾಗದ ಮಡಚುವಾಗ ಅವರು ನನ್ನ ಎದುರಿಗೇ ಯಾರ ಜೊತೆಗೋ ಫೋನಿನಲ್ಲಿ ಮಲಯಾಳದಲ್ಲಿ ಮಾತಾಡಿದರು. ಮದುವೆಗೆ ಮುಂಚೆ ನಾನು ವಯನಾಡಿನ ಶುಂಠಿ ಹೊಲದಲ್ಲಿ ದುಡಿದವಳೆಂದು ಅವರಿಗೇನು ಗೊತ್ತು? ಇನ್ನೊಂದು ಸಲ ಹಾರಿ ಇಳಿದರೆ ಆ ಮಂಡಿ ಮತ್ತೆ ಯಾವತ್ತೂ ಸರಿಹೋಗುವುದಿಲ್ಲ ಎಂದು ಸ್ಕ್ಯಾನ್ ನೋಡಿದ ಡಾಕ್ಟರು ಇವರಿಗೆ ಹೇಳಿಯಾಗಿದೆಯಂತೆ. "ಭಾನುವಾರ ನಿಂತುಕೊಂಡರೆ ಸಾಕು, ಸೋಮವಾರ ಅವನು ನಮ್ಮವನಲ್ಲ" ಎಂದು ನಕ್ಕರು ಮಗನೇ. ನಾನು ಕೊಟ್ಟ ಮಜ್ಜಿಗೆ ಕುಡಿಯುತ್ತಲೇ ನಕ್ಕರು. ಈಗ ಕಾಗದ ಕೊಡುವುದಿಲ್ಲ ಎಂದರೆ ಶಂಕರನ ಕೆಲಸಕ್ಕೆ ಇವತ್ತೇ ಕುತ್ತು, ಅದಕ್ಕೇ ಕೊಟ್ಟು ಕಳಿಸುತ್ತಿದ್ದೇನೆ. ನೀನು ಇದನ್ನು ಓದುವಾಗ ಅವರು ಎದುರಿಗೇ ನಿಂತಿರುತ್ತಾರೆ. ಮುಖದಲ್ಲಿ ಏನೂ ತೋರಿಸಬೇಡ. ಅವ್ವ ಬಾ ಅಂತವ್ಳೆ, ಕಾಲು ಕೇಳ್ತಾ ಇಲ್ಲ ಅಂದುಬಿಡು. ಆಮೇಲೂ ಕೆಲಸ ಹೋದರೆ ಹೋಗಲಿ, ಶಂಕರನ ಬೈಗುಳ ನಾನು ತಿನ್ನುತ್ತೇನೆ. ನೀನು ಬಿದ್ದ ಮೇಲೆ ನಿನ್ನನ್ನು ಕಣ್ಣಾರೆ ಕಂಡಿಲ್ಲ, ನೋಡಬೇಕೆಂದು ಜೀವ ಹೊಡೆದುಕೊಳ್ಳುತ್ತಿದೆ. ಬರಬೇಡ.